ಕರುವಿನ ಕೋಣೆ

ಜುಲೈ. ಯಾಕೂತಿಯಾದಲ್ಲಿ ಕತ್ತಲೆಯೇ ಬಾರದ ತಿಂಗಳು.
ಈ ಸಲ ಬಂತು,
ಮಧ್ಯಾಹ್ನ ಎರಡಕ್ಕೆ, ಲಾರ್ಚ್ ಕಾಡಿನ ಕಡೆಯಿಂದ,
ಸುಟ್ಟ ತೊಗಟೆಯ ವಾಸನೆ ಹೊತ್ತು.
ಸೂರ್ಯ ಸವೆದ ತಾಮ್ರದ ಬಿಲ್ಲೆ.
ಕೋಳಿಗಳು ಗೂಡು ಸೇರಿದವು.

ನಾನು ಈ ಊರಿನ ಆರೋಗ್ಯ ಸಹಾಯಕಿ.
ಎಂಬತ್ತೆರಡು ಮನೆ, ಒಂದು ಸ್ಟೆತಾಸ್ಕೋಪು,
ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಒಂದು ಚಿಮುಟ,
ನಗರದಿಂದ ಬಂದ ಮಾಸ್ಕಿನ ಎರಡು ಪೆಟ್ಟಿಗೆ.
ಒಂದರಲ್ಲಿ ಇದ್ದದ್ದು ಬರೀ ತೆಳು ಬಟ್ಟೆಯವು,
ಸೀನಿಗೆ ಸರಿ, ಹೊಗೆಗಲ್ಲ.

ಮನೆಮನೆಗೆ ಹೋಗಿ ಹೇಳಿದೆ:
ಒಂದು ಕೋಣೆ ಆರಿಸಿಕೊಳ್ಳಿ, ಒಂದೇ ಸಾಕು.
ಕಿಟಕಿಯ ಸಂದಿಗೆ ಒದ್ದೆ ಚಿಂದಿ,
ಬಾಗಿಲ ಬುಡಕ್ಕೆ ಹಳೆಯ ಕಂಬಳಿ.
ಒಳಗೆ ಮೀನು ಹುರಿಯಬೇಡಿ, ಸಿಗರೇಟು ಬೇಡ,
ದೇವರ ಮುಂದಿನ ಮೇಣದಬತ್ತಿಯೂ ಬೇಡ, ಕ್ಷಮಿಸಿಯಾನು.
ಮೂತಿಗೆ ಕಟ್ಟಿದ ಕರವಸ್ತ್ರ
ಬೂದಿಯನ್ನು ತಡೆದೀತು, ಬೂದಿಗಿಂತ ಸಣ್ಣದನ್ನಲ್ಲ;
ಕಣ್ಣಿಗೆ ಕಾಣದ್ದೇ ಎದೆಗಿಳಿಯುವುದು.

ಒಖೋನೂನ್ ಮುದುಕ ಉಸಿರೆತ್ತದೆ ಕೇಳಿದ.
ಆಮೇಲೆ ನಕ್ಕ: ‘ಹೊಗೆಯ ಪಾಠ, ನನಗೆ?’
ಅಂಗಳದಲ್ಲಿ ಅವನ ತುಪ್ತೆ ಹೊಗೆಯಾಡುತ್ತಿತ್ತು,
ಒಣಸಗಣಿಯ ಗುಡ್ಡೆ, ಅದರ ಸುತ್ತ ಕಣ್ಣು ಮುಚ್ಚಿ ನಿಂತ ಹಸುಗಳು.
ಬೇಸಿಗೆಯ ಸೊಳ್ಳೆಮೋಡದಿಂದ
ಅವನ ಅಜ್ಜನ ಅಜ್ಜನ ದನಗಳನ್ನೂ ಕಾಯ್ದದ್ದು ಇದೇ.
‘ಇಷ್ಟು ದಿನ ಕಾಯ್ದದ್ದು ಈಗ ಕೊಲ್ಲುತ್ತದೆಯೇ?’

ಸೊಳ್ಳೆ ಎಲ್ಲಿ ತಾತ, ಎಂದೆ.
ಕಿವಿಗೊಟ್ಟ.
ಒಂದೂ ಗುಂಯ್ ಅನ್ನಲಿಲ್ಲ.
ಅವನನ್ನು ಹೆದರಿಸಿದ್ದು ಆ ಮೌನ, ನನ್ನ ಮಾತಲ್ಲ.

ಆದರೂ ಕುಡುಗೋಲು ಹೆಗಲಿಗೇರಿಸಿದ.
ಒಂಬತ್ತು ತಿಂಗಳ ಚಳಿಗೆ ಎರಡು ತಿಂಗಳ ಹುಲ್ಲು:
ಅವನ ಲೆಕ್ಕವೂ ತಪ್ಪಲ್ಲ.
ಚೌಕಾಸಿಗೆ ಕೂತೆವು. ಗಾಳಿ ತಿರುಗುವ ಮುಂಜಾನೆ ಮಾತ್ರ,
ಒಳ್ಳೆಯ ಮಾಸ್ಕು, ಮೂಗಿನ ತಂತಿ ಒತ್ತಿ,
ಎದೆ ಬಿಗಿದರೆ ಕುಡುಗೋಲು ಬಿದ್ದಲ್ಲೇ ಬಿಟ್ಟು ಬರುವುದು.
ಅವನು ಮೂರು ತಾಸೆಂದ, ನಾನು ಒಂದೆಂದೆ.
ಎರಡಕ್ಕೆ ಒಪ್ಪಿದೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಒಳಗೆ ಅವನ ಹೆಂಡತಿ ಒಗ್ದೋ, ದಮ್ಮಿನವಳು,
ಬೆರಳ ತುದಿಯಲ್ಲಿ ತೊಂಬತ್ತೊಂದು.
ಶಾಲೆಯ ಮಿಚಿಲ್ ಮೇಷ್ಟ್ರು
ಫ್ಯಾನಿನ ಬೆನ್ನಿಗೆ ಫಿಲ್ಟರು ಬಿಗಿದು, ಟೇಪು ಸುತ್ತಿ ತಂದಿಟ್ಟರು.
ಬಿಳಿ ಫಿಲ್ಟರು ಎರಡು ದಿನಕ್ಕೆ ಚಹಾದ ಬಣ್ಣ,
ನಾಲ್ಕಕ್ಕೆ ಇಲಿಯ ಬೆನ್ನು.
ಅದನ್ನೇ ಹಿಡಿದು ಬೀದಿ ಸುತ್ತಿದೆ,
ನೋಡಿ, ಇದು ಹೋಗಬೇಕಾಗಿದ್ದ ಜಾಗ ಯಾವುದು ಗೊತ್ತೆ ಎಂದು.
ನನ್ನ ಭಾಷಣಗಳಲ್ಲಿ ಗೆದ್ದದ್ದು ಅದೊಂದೇ.

ಐದನೇ ರಾತ್ರಿ, ರಾತ್ರಿಯೆನ್ನಬಹುದಾದರೆ,
ಮೊಮ್ಮಗಳು ಕ್ಯುನ್ನೆಯ್ ಓಡಿ ಬಂದಳು:
‘ತಾತ ಕರೆದ, ಬೇಗ, ಉಸಿರಾಡ್ತಾ ಇಲ್ಲ ಸರಿಯಾಗಿ.’
ಯಾರು ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಕಂಬಳಿ ಸರಿಸಿ ಒಳಹೊಕ್ಕರೆ
ಹಾಸಿಗೆಯಲ್ಲಿ ಒಗ್ದೋ, ಫ್ಯಾನಿನ ಗೊಣಗು,
ನಡುನೆಲದಲ್ಲಿ ಮುದುಕನ ಚಳಿಗಾಲದ ಕೋಟು,
ಕೋಟಿನ ಮೇಲೆ ಮೂರು ದಿನದ ಕರು.
‘ಕೆಮ್ಮುತ್ತಿತ್ತು’ ಎಂದ,
ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ.

ಹಾಲು, ಗಂಜಲ, ಔಷಧದ ನಾತ.
ಬೈಯಲು ಬಾಯಿ ತೆರೆದೆ. ಒಗ್ದೋ ಕೈಯೆತ್ತಿದಳು:
‘ಇರಲಿ ಬಿಡು. ಅದರ ಉಸಿರು ಕೇಳುತ್ತಿದ್ದರೆ
ನನ್ನದರ ಮೇಲೆ ನಿಗಾ ಇರುವುದಿಲ್ಲ.’
ಚಿಮುಟ ತೊಂಬತ್ತನಾಲ್ಕು ತೋರಿಸಿತು.

ಕರುವಿಗೆ ಬೆರಳಿಲ್ಲ. ಕಿವಿಗೆ ಸಿಕ್ಕಿಸಿದರೆ ಕೊಡವಿತು.
ಪಕ್ಕೆಯ ಮೇಲೆ ಅಂಗೈಯಿಟ್ಟು, ಗಡಿಯಾರ ನೋಡುತ್ತ ಎಣಿಸಿದೆ.
ನಲವತ್ತೆರಡು.
ಎಷ್ಟಿರಬೇಕೆಂದು ನನ್ನ ಪುಸ್ತಕದಲ್ಲಿಲ್ಲ.
‘ಸರಿಯಿದೆ’ ಎಂದ ಮುದುಕ; ಈ ಪಾಠ ಅವನದು.

ರಿಜಿಸ್ಟರಿನಲ್ಲಿ ಬರೆದೆ: ಮನೆ ನಲವತ್ತೊಂದು,
ಶುದ್ಧ ಕೋಣೆಯಲ್ಲಿರುವವರು ಮೂವರು.
ಹೊರಗೆ ತುಪ್ತೆಗೆ ಯಾರೋ ನೀರು ಹೊಯ್ದಿದ್ದರು,
ಬೂದಿ ಇನ್ನೂ ಬೆಚ್ಚಗಿತ್ತು.
ಮಾಸ್ಕು ಏರಿಸಿ, ಮೂಗಿನ ತಂತಿ ಒತ್ತಿ,
ನಲವತ್ತೆರಡನೇ ಬಾಗಿಲು ತಟ್ಟಿದೆ.